ಥಂಡಿ

ಗಂಜಿನ ಹಿಂದಿನ ಬರ್ಫದ ಕಾರ್ಖಾನೆಯಲ್ಲಿ
ಲೆಕ್ಕ ಬರೆಯುವವಳು ನಾನು.
ಎಡಕ್ಕೊಂದು ಬಾಗಿಲು, ಅದರಾಚೆ ರಾಯಚೂರು, ನಲವತ್ನಾಲ್ಕು ಡಿಗ್ರಿ.
ಬಲಕ್ಕೊಂದು ಬಾಗಿಲು, ಅದರೊಳಗೆ ಉಪ್ಪುನೀರಿನ ತೊಟ್ಟಿ,
ಸೊನ್ನೆಗಿಂತ ಹತ್ತು ಕೆಳಗೆ.
ನಡುವೆ ನಾನು, ಟೇಬಲ್ ಫ್ಯಾನು,
ಅಮೋನಿಯಾ ವಾಸನೆ ಹಿಡಿದ ಖಾತೆಪುಸ್ತಕ.

ಹುಸೇನಪ್ಪ ದಿನಕ್ಕೆ ಅರವತ್ತು ಸಲ
ಆ ಬಾಗಿಲಿಂದ ಈ ಬಾಗಿಲಿಗೆ ದಾಟುತ್ತಾನೆ.
ಹೆಗಲ ಮೇಲೆ ಗೋಣಿತಟ್ಟು, ತಟ್ಟಿನ ಮೇಲೆ ಬರ್ಫ:
ಕಬ್ಬಿನಹಾಲಿನವರಿಗೆ, ಮೀನಿನವರಿಗೆ, ಮದುವೆಗೆ,
ಒಮ್ಮೊಮ್ಮೆ ಮಗಳು ಬಂದು ಮುಖ ನೋಡುವತನಕ
ಕಾಯಬೇಕಾದ ಹೆಣಕ್ಕೆ.

ಚಿಲಕದ ಸದ್ದಿಗೇ, ಬಾಗಿಲು ತೆರೆಯುವ ಮೊದಲೇ
ಅವನ ಮುಂಗೈ ಕೂದಲು ಎದ್ದು ನಿಲ್ಲುತ್ತವೆ.
"ಯಾರು ಹೇಳಿದ್ರೋ ಅವಕ್ಕ?"
"ಒಳಗೊಬ್ಬ ಕುಂತಾನಲ್ರಿ ಅಕ್ಕಾ, ಅಂವ."

ಒಳಗೆ ಕುಂತವನ ಬಗ್ಗೆ
ತಂಗಿಯ ನರ್ಸಿಂಗ್ ಪುಸ್ತಕದಲ್ಲಿ ಓದಿದ್ದೇನೆ.
ಮಿದುಳಿನ ಬುಡದಲ್ಲಿ ಬಾದಾಮಿಯಷ್ಟು ಜಾಗ. ಕಿಟಕಿಯಿಲ್ಲ.
ಬಿಸಿಲನ್ನು ಅದು ಕಂಡೇ ಇಲ್ಲ.
ಚರ್ಮ ಕಳಿಸಿದ ಚೀಟಿಗಳನ್ನು ಓದುತ್ತದೆ,
ಹಾದುಹೋಗುವ ರಕ್ತವನ್ನು ಮುಟ್ಟಿ ನೋಡುತ್ತದೆ,
ಮೂವತ್ತೇಳರ ಆಸುಪಾಸಿಗೆ ತಾಳೆ ಹಾಕುತ್ತದೆ,
ಹೆಚ್ಚಾದರೆ ಬೆವರು, ಕಡಿಮೆಯಾದರೆ ನಡುಕ.
ನನ್ನಂಥದೇ ಗುಮಾಸ್ತಿಕೆ.
ನನಗಾದರೂ ಶುಕ್ರವಾರ ರಜೆ.

ತಪ್ಪು ಲೆಕ್ಕವನ್ನೂ ಬರೆಯುತ್ತದೆ, ಬೇಕಂತಲೇ.
ಹೋದ ಜೂನಿನಲ್ಲಿ ನನಗೆ ಮಲೇರಿಯಾ ಬಂದಾಗ
ಮೂವತ್ತೇಳನ್ನು ಹೊಡೆದುಹಾಕಿ ನಲವತ್ತು ಎಂದು ತಿದ್ದಿತು;
ಧಗೆಯ ರಾತ್ರಿ, ಎರಡು ಕೌದಿ ಹೊದ್ದು
ಮಂಚ ಅಲುಗುವ ಹಾಗೆ ನಡುಗಿದೆ.

ಹುಸೇನಪ್ಪನ ಅಂಗಿಯ ಬೆನ್ನಿಗೆ
ಬೇಸಿಗೆಯ ಮೊದಲ ವಾರ ಉಪ್ಪಿನ ನಕಾಶೆ.
ಹತ್ತು ಹನ್ನೆರಡು ದಿನ ಕಳೆದರೆ
ಬೆವರು ಬೇಗ ಬರುತ್ತದೆ, ಹೆಚ್ಚು ಬರುತ್ತದೆ,
ಉಪ್ಪು ಮಾತ್ರ ತೆಳ್ಳಗಾಗಿರುತ್ತದೆ.
ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಮೈಯೊಳಗೆ
ಯಾರೋ ಕೂತು ಕಲಿತಿದ್ದಾರೆ, ಅವನಿಗೇ ಹೇಳದೆ.

ಸಂಡೂರಿನ ಗುಡ್ಡದಿಂದ ಬಂದ ತಿಪ್ಪೇಶಿಗೆ
ಅವತ್ತು ನಾಲ್ಕನೇ ದಿನ.
ಬರ್ಫಕ್ಕೆ ಮುಚ್ಚುವ ಭತ್ತದ ಹೊಟ್ಟಿನ ಚೀಲಗಳನ್ನು
ಮಧ್ಯಾಹ್ನ ಎರಡಕ್ಕೆ ಲಾರಿಯಿಂದ ಇಳಿಸುತ್ತಿದ್ದವನು
ಸೀದಾ ನನ್ನ ಮೇಜಿಗೆ ಬಂದ.
ಮುಖ ಕೆಂಪು, ಒಂದು ಹನಿ ಬೆವರಿಲ್ಲ.
"ಅವ್ವಾ, ಕುರಿ ಎಲ್ಲಿ ಬಿಟ್ಟಿ?"
ಹಣೆ ಮುಟ್ಟಿದೆ. ಒಲೆಯ ಮೇಲೆ ಮರೆತ ಹಂಚು.

ಮೂವರ ಲೆಕ್ಕ ಒಂದೇ ಸಾಲಿನಲ್ಲಿ ಬಿದ್ದ ಪುಟವನ್ನು
ನಾನೂ ಒಮ್ಮೆ ಬರೆದಿದ್ದೇನೆ, ಅಪ್ಪ ತೀರಿಕೊಂಡ ವಾರ.
ಹುಡುಗನ ತಲೆಯಲ್ಲಿ ಅಂಥದೇ ಪುಟ ತೆರೆದಿತ್ತು.

ಹುಸೇನಪ್ಪ ಅವನನ್ನು ಚೀಲದಂತೆ ಎತ್ತಿಕೊಂಡು
ಬಲಗಡೆಯ ಬಾಗಿಲು ಒದ್ದ.
ಹಸಿ ಗೋಣಿ ಹಾಸಿದೆವು, ಬಗಲಿಗೆ, ಕುತ್ತಿಗೆಗೆ, ತೊಡೆಸಂದಿಗೆ
ಬರ್ಫದ ಚೂರು ಒತ್ತಿದೆವು, ಬಕೆಟ್ಟಿನ ಮೇಲೆ ಬಕೆಟ್ಟು ಸುರಿದೆವು.
ನನ್ನ ಫ್ಯಾನನ್ನು ತಂದು ಅವನಿಗೆ ತಿರುಗಿಸಿದೆ.
ಆಂಬ್ಯುಲೆನ್ಸು ರೈಲ್ವೆ ಗೇಟಿನ ಆಚೆ ನಿಂತಿತ್ತು.
ಎಣಿಸುವುದೊಂದೇ ನನಗೆ ಬರುವ ವಿದ್ಯೆ,
ಎಣಿಸಿದೆ.
ಹನ್ನೊಂದು ನಿಮಿಷ. ಹದಿನಾಲ್ಕು.
ಕುರಿಗಳ ಹೆಸರು ಕೂಗುತ್ತಿದ್ದ, ಒಂದೊಂದೇ,
ಆಮೇಲೆ ಅದೂ ನಿಂತಿತು.

ಹತ್ತೊಂಬತ್ತಕ್ಕೆ
ಮುಂಗೈ ಕೂದಲು ಎದ್ದವು.
ದವಡೆ ಕಟಕಟ ಅಂದಿತು. ಮೊದಲು ಮೆಲ್ಲಗೆ,
ಆಮೇಲೆ ಮೈಯೆಲ್ಲ, ಗೋಣಿ ಸಮೇತ.
"ಥಂಡಿ," ಅಂದ. "ಥಂಡಿ ಆಗತದ, ಹುಸೇನಣ್ಣ."
ಹೆಸರು ಸರಿಯಾಗಿತ್ತು.
ಹುಸೇನಪ್ಪ ನೆಲಕ್ಕೆ ಕುಸಿದು ಕೂತು
ಬೈಯತೊಡಗಿದ, ಹುಡುಗನನ್ನೋ, ಬಿಸಿಲನ್ನೋ,
ಒಳಗೆ ಕುಂತವನನ್ನೋ.

ಗೇಟು ತೆಗೆದರು, ಗಾಡಿ ಬಂತು, ಹೋಯಿತು.
ಸಂಜೆ ಪುಸ್ತಕ ತೆರೆದೆ. ಬರ್ಫ, ಎರಡು ಗಡ್ಡೆ.
ಗಿರಾಕಿ ಎಂಬ ಖಾನೆಯಲ್ಲಿ ಪೆನ್ನು ನಿಂತಿತು.
ಕುತ್ತಿಗೆಯಿಂದ ಒಂದು ಹನಿ, ನಾನು ಕೇಳದೆಯೇ,
ಇಳಿದು ಅಲ್ಲಿ ಬಿತ್ತು.